ಅಮ್ಮನ ಖಾತೆಯಿಂದ ತಿಂಗಳು ತಿಂಗಳು ಹೋಗುತ್ತಿರುವ 499 ರೂಪಾಯಿ ವಾಪಸ್ ಬರುತ್ತದಾ?

ಪ್ರಶ್ನೆ: ನನ್ನ ಅಮ್ಮನಿಗೆ 64 ವರ್ಷ. ಪಿಂಚಣಿ ಬರುವ ಅವರ ಉಳಿತಾಯ ಖಾತೆಯಿಂದ ಐದು ತಿಂಗಳಿಂದ ಪ್ರತಿ ತಿಂಗಳೂ 499 ರೂಪಾಯಿ ಕಟ್ ಆಗಿದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ನಮಗೆ ಗೊತ್ತಾಗಿದ್ದು. ಯಾವುದೋ ಆಪ್‌ನ ಚಂದಾ ಅಂತೆ. ಅಮ್ಮ "ನಾನು ಯಾವುದಕ್ಕೂ ಸೇರಿಲ್ಲ" ಅನ್ನುತ್ತಾರೆ. ಆ ಆಪ್ ಈಗ ಫೋನಿನಲ್ಲೂ ಇಲ್ಲ. ಬ್ಯಾಂಕಿನವರು "ನೀವೇ ಒಪ್ಪಿಗೆ ಕೊಟ್ಟಿದ್ದೀರಿ, ಕಂಪನಿಯವರನ್ನೇ ಕೇಳಿ" ಎಂದು ಕಳಿಸಿದರು. ಕಂಪನಿಗೆ ಮೇಲ್ ಹಾಕಿದರೆ ಉತ್ತರವಿಲ್ಲ. ಮೂರು ದಿನದೊಳಗೆ ದೂರು ಕೊಡಬೇಕಿತ್ತು ಅಂತ ಬೇರೆ ಯಾರೋ ಹೇಳಿದರು. ದುಡ್ಡು ವಾಪಸ್ ಬರುತ್ತದಾ? ಇಲ್ಲ ಖಾತೆಯನ್ನೇ ಮುಚ್ಚಿಬಿಡುವುದು ಒಳ್ಳೆಯದಾ?

ಉತ್ತರ:

ಖಾತೆ ಮುಚ್ಚಬೇಡಿ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಆರನೇ ಸಲ ದುಡ್ಡು ಹೋಗದ ಹಾಗೆ ನೋಡಿಕೊಳ್ಳೋಣ. ಹೋದದ್ದನ್ನು ತರುವ ಕೆಲಸ ಆಮೇಲೆ.

ಬ್ಯಾಂಕಿನ ದೂರು ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು ನಾನು. ಇಂಥ ದೂರು ಹಿಡಿದು ಬಂದವರಲ್ಲಿ ಬಹಳ ಜನ ಮೊದಲು ಹೇಳುತ್ತಿದ್ದ ಮಾತು "ಆಪ್ ಡಿಲೀಟ್ ಮಾಡಿಬಿಟ್ಟಿದ್ದೀವಿ ಸರ್" ಅಂತ. ಆಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ದುಡ್ಡು ಎಳೆಯುವುದು ಫೋನಿನಲ್ಲಿರುವ ಆಪ್ ಅಲ್ಲ, ಬ್ಯಾಂಕಿನಲ್ಲಿ ದಾಖಲಾಗಿರುವ ಮ್ಯಾಂಡೇಟ್. ಮ್ಯಾಂಡೇಟ್ ಅಂದರೆ "ಈ ಕಂಪನಿ ಕೇಳಿದಾಗ ಇಷ್ಟು ಮೊತ್ತದವರೆಗೆ ನನ್ನ ಖಾತೆಯಿಂದ ಕೊಡಿ" ಎಂದು ಖಾತೆದಾರರು ಬ್ಯಾಂಕಿಗೆ ಕೊಟ್ಟಿರುವ ಅಪ್ಪಣೆ. ಅದು ಇರುವವರೆಗೂ ದುಡ್ಡು ಹೋಗುತ್ತಲೇ ಇರುತ್ತದೆ. ಆದ್ದರಿಂದ ನಿಮ್ಮ ಜಗಳ ಆಪ್ ಜೊತೆ ಶುರುವಾಗಬಾರದು, ಮ್ಯಾಂಡೇಟ್‌ನಿಂದ ಶುರುವಾಗಬೇಕು.

ಪಾಸ್‌ಬುಕ್ ತೆಗೆದು ಆ ಐದು ಸಾಲುಗಳನ್ನು ಇನ್ನೊಂದು ಸಲ ಓದಿ. ಪಾಸ್‌ಬುಕ್‌ನಲ್ಲಿ ವಿವರ ಅರ್ಧಕ್ಕೇ ನಿಂತಿದ್ದರೆ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ. ಸಾಲಿನಲ್ಲಿ ಯುಪಿಐ ಎಂದಿದ್ದರೆ ಅದು ಯುಪಿಐ ಆಟೋಪೇ. ಎಸಿಎಚ್ ಅಥವಾ ನ್ಯಾಚ್ ಎಂದಿದ್ದರೆ ಖಾತೆಯಿಂದ ನೇರವಾಗಿ ಎಳೆಯುವ ಮ್ಯಾಂಡೇಟ್, ಸಾಲದ ಕಂತು ಹೋಗುವುದೂ ಇದೇ ದಾರಿಯಲ್ಲಿ. ಡೆಬಿಟ್ ಕಾರ್ಡಿನ ಕೊನೆಯ ಅಂಕಿಗಳು ಕಂಡರೆ ಕಾರ್ಡಿನ ಮೇಲೆ ಮಾಡಿದ ಇ-ಮ್ಯಾಂಡೇಟ್. ಅಲ್ಲಿರುವ ಹೆಸರು ಆಪ್‌ನ ಹೆಸರೇ ಆಗಿರಬೇಕೆಂದಿಲ್ಲ. ನಡುವೆ ಹಣ ಸಂಗ್ರಹಿಸಿಕೊಡುವ ಕಂಪನಿಯ ಹೆಸರೂ ಇರಬಹುದು.

ಯುಪಿಐ ಆದರೆ ಅಮ್ಮನ ಫೋನಿನ ಯುಪಿಐ ಆಪ್ ತೆರೆದು 'ಆಟೋಪೇ' ಅಥವಾ 'ಮ್ಯಾಂಡೇಟ್' ಅನ್ನುವ ಜಾಗಕ್ಕೆ ಹೋಗಿ. ಎರಡು ಮೂರು ಯುಪಿಐ ಆಪ್ ಇದ್ದರೆ ಎಲ್ಲದರಲ್ಲೂ ನೋಡಿ. ಸಿಕ್ಕ ಕೂಡಲೇ ರದ್ದು ಮಾಡಬೇಡಿ! ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮ್ಯಾಂಡೇಟ್ ಶುರುವಾದ ದಿನ, ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಕೊನೆಯ ದಿನ, ಕಂಪನಿಯ ಹೆಸರು ಎಲ್ಲ ಅದರಲ್ಲಿರುತ್ತದೆ. ಮುಂದೆ ನಿಮ್ಮ ದೊಡ್ಡ ಸಾಕ್ಷಿ ಅದೇ. ಆಮೇಲೆ ರದ್ದು ಮಾಡಿ. 'ಪಾಜ್' (Pause) ಎಂಬ ಆಯ್ಕೆ ಒತ್ತಿದರೆ ತಾತ್ಕಾಲಿಕವಾಗಿ ಮಾತ್ರ ನಿಲ್ಲುತ್ತದೆ. 'ರಿವೋಕ್' ಅಥವಾ 'ಕ್ಯಾನ್ಸಲ್' ಎಂದಿರುವುದನ್ನೇ ಒತ್ತಬೇಕು. ಕಾರ್ಡ್ ಆದರೆ ಬ್ಯಾಂಕಿನ ಆಪ್‌ನಲ್ಲೋ ನೆಟ್ ಬ್ಯಾಂಕಿಂಗ್‌ನಲ್ಲೋ ಇ-ಮ್ಯಾಂಡೇಟ್ ಪಟ್ಟಿ ಸಿಗುತ್ತದೆ. ನ್ಯಾಚ್ ಆದರೆ ಶಾಖೆಗೆ ಬರೆದುಕೊಟ್ಟು ರದ್ದು ಮಾಡಿಸುವುದು ಗಟ್ಟಿ ದಾರಿ. ಅದಕ್ಕೆ ಯುಎಂಆರ್‌ಎನ್ ಎಂಬ ಮ್ಯಾಂಡೇಟ್ ಸಂಖ್ಯೆ ಇರುತ್ತದೆ, ಕೇಳಿ ಪಡೆಯಿರಿ. ಕಾರ್ಡ್ ಬ್ಲಾಕ್ ಮಾಡಿಸಿ ಸುಮ್ಮನಾಗುವವರಿದ್ದಾರೆ. ಯುಪಿಐ ಮ್ಯಾಂಡೇಟ್‌ಗೂ ನ್ಯಾಚ್ ಮ್ಯಾಂಡೇಟ್‌ಗೂ ಕಾರ್ಡಿಗೂ ಸಂಬಂಧವೇ ಇಲ್ಲ. ಕಾರ್ಡ್ ಬ್ಲಾಕ್ ಆದರೂ ಅವು ನಡೆಯುತ್ತಲೇ ಇರುತ್ತವೆ.

"ಕಂಪನಿಯವರನ್ನೇ ಕೇಳಿ" ಎಂದರಲ್ಲ, ಆ ಮಾತು ತಪ್ಪು. ಇದನ್ನು ಒತ್ತಿ ಹೇಳುತ್ತೇನೆ. ಕಾರ್ಡ್ ಮತ್ತು ಯುಪಿಐ ಆಟೋ ಡೆಬಿಟ್‌ಗೆ ಆರ್‌ಬಿಐ 2019 ಮತ್ತು 2020ರಲ್ಲಿ ನಿಯಮ ತಂದಿತು. 2021ರ ಅಕ್ಟೋಬರ್ 1ರಿಂದ ಅವು ಬಿಗಿಯಾಗಿ ಜಾರಿಯಲ್ಲಿವೆ. ಅವುಗಳ ಪ್ರಕಾರ ಗ್ರಾಹಕರು ಯಾವಾಗ ಬೇಕಾದರೂ ಮ್ಯಾಂಡೇಟ್ ಹಿಂದಕ್ಕೆ ಪಡೆಯಬಹುದು. ಅದಕ್ಕೆ ಅನುಕೂಲ ಮಾಡಿಕೊಡುವುದು ಬ್ಯಾಂಕಿನ ಕೆಲಸ. ಕಂಪನಿಯ ಅನುಮತಿ ಬೇಕಿಲ್ಲ.

ಅದೇ ನಿಯಮದಲ್ಲಿ ನಿಮಗೆ ತುಂಬಾ ಉಪಯೋಗಕ್ಕೆ ಬರುವ ಇನ್ನೊಂದು ಮಾತಿದೆ. ಪ್ರತಿ ಸಲ ದುಡ್ಡು ಕಟ್ ಆಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. ಯಾವ ಕಂಪನಿ, ಎಷ್ಟು ಮೊತ್ತ, ಯಾವ ದಿನ ಎಂಬುದು ಅದರಲ್ಲಿರಬೇಕು. ಬೇಡ ಎನ್ನುವ ಅವಕಾಶವೂ ಇರಬೇಕು. 15,000 ರೂಪಾಯಿವರೆಗಿನ ಮಾಮೂಲಿ ಚಂದಾಗಳಿಗೆ ಪ್ರತಿ ಸಲ ಓಟಿಪಿ ಅಥವಾ ಪಿನ್ ಬೇಕಿಲ್ಲ ಎಂಬ ಸಡಿಲಿಕೆ ಇರುವುದರಿಂದಲೇ ಈ ಮುನ್ಸೂಚನೆಯನ್ನು ಕಡ್ಡಾಯ ಮಾಡಿದ್ದಾರೆ. ಹಾಗಾಗಿ ಅಮ್ಮನ ಫೋನಿನ ಮೆಸೇಜ್‌ಗಳನ್ನು ಐದು ತಿಂಗಳು ಹಿಂದಕ್ಕೆ ಹೋಗಿ ಹುಡುಕಿ. ಬ್ಯಾಂಕಿನಲ್ಲಿ ನೋಂದಾಯಿಸಿರುವ ನಂಬರ್ ಈಗಲೂ ಅವರ ಹತ್ತಿರವೇ ಇದೆಯಾ ಅಂತಲೂ ನೋಡಿ. ಎಷ್ಟೋ ಹಿರಿಯರ ಖಾತೆಗೆ ಮಕ್ಕಳ ಹಳೇ ನಂಬರ್ ಇರುತ್ತದೆ. ಸಂದೇಶ ಎಲ್ಲೋ ಹೋಗುತ್ತಿರುತ್ತದೆ, ದುಡ್ಡು ಇಲ್ಲಿ ಹೋಗುತ್ತಿರುತ್ತದೆ. ನ್ಯಾಚ್‌ಗೆ ಈ 24 ಗಂಟೆಯ ನಿಯಮವನ್ನು ಎಳೆದು ತರಬೇಡಿ, ಇದು ಕಾರ್ಡ್, ಯುಪಿಐ ಮತ್ತು ವಾಲೆಟ್‌ಗೆ ಸೇರಿದ್ದು.

ಈಗ ಕಷ್ಟದ ಪ್ರಶ್ನೆ. ಅಮ್ಮ ನಿಜವಾಗಿಯೂ ಒಪ್ಪಿಗೆ ಕೊಟ್ಟಿಲ್ಲವಾ?

ಗದರಿಸದೆ ಕೇಳಿ. "ಐದಾರು ತಿಂಗಳ ಹಿಂದೆ ಯಾವುದಾದರೂ ಆಪ್‌ನಲ್ಲಿ ಒಂದು ರೂಪಾಯಿ, ಎರಡು ರೂಪಾಯಿ ಕಟ್ಟಿದ್ದೆಯಾ ಅಮ್ಮಾ?" ಅಂತ ಕೇಳಿ ನೋಡಿ. ಬಹಳ ಸಲ ನಡೆಯುವುದು ಹೀಗೆ. ಏಳು ದಿನ ಪುಕ್ಕಟೆ ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಪರೀಕ್ಷೆಗೆ ಬರೀ ಒಂದು ರೂಪಾಯಿ ಎಂದಿರುತ್ತದೆ. ಅವರು ಪಿನ್ ಒತ್ತುತ್ತಾರೆ. ಆ ಪಿನ್ ಒಂದು ರೂಪಾಯಿಗೆ ಮಾತ್ರ ಅಲ್ಲ, ಮುಂದಿನ ತಿಂಗಳುಗಳ ಮ್ಯಾಂಡೇಟ್‌ಗೂ ಸೇರಿಯೇ ಆಗಿಬಿಟ್ಟಿರುತ್ತದೆ. ಇದು ಅಮ್ಮನ ದಡ್ಡತನ ಅಲ್ಲ. ಕಾಣದ ಹಾಗೆ ಬರೆದವರ ತಪ್ಪು. ಓದಿದವರೂ, ಬ್ಯಾಂಕಿನಲ್ಲೇ ಕೆಲಸ ಮಾಡುವವರೂ ಇದಕ್ಕೆ ಸಿಕ್ಕಿಬಿದ್ದಿದ್ದನ್ನು ನಾನು ನೋಡಿದ್ದೇನೆ.

ಉತ್ತರ ಏನೇ ಇರಲಿ, ದೂರಿನಲ್ಲಿ ನಿಜವನ್ನೇ ಬರೆಯಿರಿ. ಪಿನ್ ಒತ್ತಿದ ನೆನಪಿದ್ದರೂ "ಏನೂ ಮಾಡಿಲ್ಲ, ಪೂರ್ತಿ ಮೋಸ" ಎಂದು ಬರೆದರೆ ಬ್ಯಾಂಕ್ ಒಂದು ದಾಖಲೆ ತೋರಿಸಿ ಫೈಲ್ ಮುಚ್ಚುತ್ತದೆ. ಆಮೇಲೆ ನೀವು ಹೇಳುವ ಸರಿಯಾದ ಮಾತನ್ನೂ ಯಾರೂ ಕೇಳುವುದಿಲ್ಲ. ಅಲ್ಲದೆ ಒಪ್ಪಿಗೆ ಕೊಟ್ಟಿದ್ದಕ್ಕೂ ಕೊಡದೆ ಇದ್ದದ್ದಕ್ಕೂ ದಾರಿ ಬೇರೆ ಬೇರೆ.

ಒಪ್ಪಿಗೆಯೇ ಇಲ್ಲದೆ ಹೋದ ದುಡ್ಡಾದರೆ ನಿಮ್ಮ ಎದುರಾಳಿ ಬ್ಯಾಂಕ್. ಇಲ್ಲಿ ಕೆಲಸಕ್ಕೆ ಬರುವುದು ಆರ್‌ಬಿಐ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ನಿಯಮಗಳು. ನಿಮಗೆ ಯಾರೋ ಹೇಳಿದ ಮೂರು ದಿನದ ಮಾತು ಬಂದಿದ್ದು ಇಲ್ಲಿಂದಲೇ, ಆದರೆ ಅರ್ಧ ಮಾತ್ರ ಬಂದಿದೆ. ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ, ಮೂರನೆಯವರಿಂದ ಆಗಿದೆ ಅಂದಾಗ, ಬ್ಯಾಂಕಿನ ಸಂದೇಶ ಸಿಕ್ಕ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ಮಾಮೂಲಿ ಉಳಿತಾಯ ಖಾತೆಗೆ ಗ್ರಾಹಕರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹೋಗಿದ್ದು 499 ರೂಪಾಯಿ ಆದರೆ? ಅಷ್ಟೂ ಗ್ರಾಹಕರ ತಲೆಗೇ ಬರಬಹುದು. ಆದ್ದರಿಂದಲೇ ಸಣ್ಣ ಮೊತ್ತಕ್ಕೆ ಮೊದಲ ಮೂರು ದಿನ ದೊಡ್ಡ ಮೊತ್ತಕ್ಕಿಂತ ಜಾಸ್ತಿ ಮುಖ್ಯ. ಜನ ಮಾಡುವುದು ಉಲ್ಟಾ, ಸಣ್ಣದಲ್ವಾ ಅಂತ ಬಿಡುತ್ತಾರೆ. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯ ಪ್ರಕಾರ ತೀರ್ಮಾನ.

ಹಾಗಾದರೆ ನಿಮ್ಮ ಐದು ತಿಂಗಳು ಕೈಬಿಟ್ಟ ಹಾಗೆಯೇ? ಅಲ್ಲ. ಅದೇ ನಿಯಮದಲ್ಲಿ, ಬ್ಯಾಂಕಿನ ಕಡೆಯ ಲೋಪದಿಂದ ನಷ್ಟವಾಗಿದ್ದರೆ ಗ್ರಾಹಕರು ಯಾವಾಗ ತಿಳಿಸಿದರು ಎಂಬುದೇ ಲೆಕ್ಕಕ್ಕೆ ಬರುವುದಿಲ್ಲ ಎಂದಿದೆ. ಆಗಲೂ ಹೊಣೆ ಸೊನ್ನೆ. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ ಎಂದೂ ಇದೆ. ಈ ನಿಯಮ ಇ-ಮ್ಯಾಂಡೇಟ್ ವ್ಯವಹಾರಗಳಿಗೂ ಅನ್ವಯಿಸುತ್ತದೆ. ಹಾಗಾಗಿ ಶಾಖೆಗೆ ಹೋಗಿ "ದುಡ್ಡು ವಾಪಸ್ ಕೊಡಿ" ಅಂತ ಕೇಳುವುದಕ್ಕಿಂತ "ಅಮ್ಮ ಕೊಟ್ಟ ಒಪ್ಪಿಗೆಯ ದಾಖಲೆ ತೋರಿಸಿ, 24 ಗಂಟೆ ಮೊದಲು ಕಳಿಸಿದ ಸೂಚನೆಗಳನ್ನು ತೋರಿಸಿ" ಅಂತ ಕೇಳಿ. ಮ್ಯಾಂಡೇಟ್ ತೋರಿಸಲಾಗದಿದ್ದರೆ, ಸೂಚನೆ ಹೋಗಿಲ್ಲದಿದ್ದರೆ, ಲೋಪ ಅವರದು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ "ನೀವೇ ಒಪ್ಪಿದ್ದೀರಿ" ಅನ್ನುವುದು ದಾಖಲೆ ಅಲ್ಲ.

ಪತ್ರ ಕನ್ನಡದಲ್ಲೇ ಇರಲಿ, ಅಮ್ಮನ ಸಹಿ ಇರಲಿ. ಹೀಗೆ ಬರೆಯಬಹುದು:

"ನನ್ನ ಉಳಿತಾಯ ಖಾತೆಯಿಂದ ಕೆಳಗೆ ಬರೆದ ಐದು ದಿನಾಂಕಗಳಲ್ಲಿ ತಲಾ 499 ರೂಪಾಯಿ ಕಡಿತವಾಗಿದೆ. ಈ ಚಂದಾಕ್ಕೆ ನನಗೆ ತಿಳಿದಂತೆ ನಾನು ಒಪ್ಪಿಗೆ ಕೊಟ್ಟಿಲ್ಲ. ಈ ಮ್ಯಾಂಡೇಟ್ ಅನ್ನು ಇಂದೇ ರದ್ದು ಮಾಡಿ. ಮ್ಯಾಂಡೇಟ್ ಸಂಖ್ಯೆ, ನೋಂದಣಿಯಾದ ದಿನ ಮತ್ತು ಸಮಯ, ಯಾವ ಮಾರ್ಗದಲ್ಲಿ ಆಯಿತು, ಓಟಿಪಿ ಅಥವಾ ಪಿನ್ ಮೂಲಕ ಖಚಿತಪಡಿಸಿದ ದಾಖಲೆ, ಪ್ರತಿ ಕಡಿತಕ್ಕೆ ಮೊದಲು ಮತ್ತು ನಂತರ ನನಗೆ ಕಳಿಸಿದ ಸಂದೇಶಗಳ ವಿವರ ಕೊಡಿ. ಇವು ಇಲ್ಲದಿದ್ದರೆ 2,495 ರೂಪಾಯಿ ನನ್ನ ಖಾತೆಗೆ ಮರಳಿ ಜಮಾ ಮಾಡಿ. ದೂರಿನ ಸಂಖ್ಯೆ ಕೊಡಿ."

ಯುಪಿಐ ಅಥವಾ ಕಾರ್ಡ್ ಅಲ್ಲದೆ ನ್ಯಾಚ್ ಆಗಿದ್ದರೆ "ಮೊದಲು ಮತ್ತು" ಅನ್ನುವುದನ್ನು ಬಿಟ್ಟು ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅದೇ ದಿನ ಬ್ಯಾಂಕಿನ ವೆಬ್‌ಸೈಟ್‌ನಲ್ಲಿರುವ ದೂರು ವಿಳಾಸಕ್ಕೆ ಮೇಲ್ ಕೂಡ ಹಾಕಿ. ದೂರು ದಾಖಲಾದ ದಿನ ಮತ್ತು ಸಮಯ ಅಮೂಲ್ಯ. ಗ್ರಾಹಕರದೇ ಅಜಾಗರೂಕತೆ ಎಂದಿಟ್ಟುಕೊಂಡರೂ ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅನಧಿಕೃತ ವ್ಯವಹಾರ ಎಂದು ತಿಳಿಸಿದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು ಎಂಬುದೂ ಅದೇ 2017ರ ನಿಯಮದಲ್ಲಿದೆ. ಕೊನೆಯ ಕಡಿತ ಈ ಎರಡು ಮೂರು ದಿನಗಳಲ್ಲೇ ಆಗಿದ್ದರೆ ಇದನ್ನು ಓದಿ ಮುಗಿಸುವ ಮೊದಲೇ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ. ಪ್ರತಿ ಕಡಿತಕ್ಕೂ ಮೂರು ದಿನದ ಲೆಕ್ಕ ಬೇರೆ ಬೇರೆ. ಹಳೆಯ ನಾಲ್ಕು ತಡವಾದರೂ ಐದನೆಯದು ಸಮಯದೊಳಗೆ ಇರಬಹುದು.

ಅಮ್ಮನಿಗೆ ಆ ಒಂದು ರೂಪಾಯಿ ನೆನಪಾಯಿತು ಎಂದಿಟ್ಟುಕೊಳ್ಳಿ. ಆಗ ಬ್ಯಾಂಕ್ ಮೇಲೆ ಹೋದರೆ ಕೈಗೆ ಏನೂ ಸಿಗುವುದು ಕಷ್ಟ. ಮ್ಯಾಂಡೇಟ್ ರದ್ದತಿ ಮಾತ್ರ ಅವರಿಂದ ಮಾಡಿಸಿಕೊಳ್ಳಿ. ಎದುರಾಳಿ ಕಂಪನಿ. ಇಲ್ಲೂ ನಿಮ್ಮ ಕೈ ಖಾಲಿ ಇಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮೊದಲೇ ಟಿಕ್ ಹಾಕಿಟ್ಟ ಚೌಕದಿಂದ ಒಪ್ಪಿಗೆ ಪಡೆಯುವ ಹಾಗಿಲ್ಲ. ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಬೇಕು. ಅವರು 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಅದರಲ್ಲಿ ಚಂದಾ ಬಲೆಯೂ ಒಂದು. ಪುಕ್ಕಟೆ ಎಂದು ಹೇಳಿ ಪಾವತಿ ವಿವರ ಕೇಳುವುದು, ರದ್ದು ಮಾಡುವ ಗುಂಡಿಯನ್ನು ಮರೆಮಾಡುವುದು, ರದ್ದತಿಯನ್ನು ಸುತ್ತುಬಳಸಿನ ದಾರಿ ಮಾಡುವುದು, ಇವನ್ನೆಲ್ಲ ಆ ಬಲೆಗೇ ಸೇರಿಸಿದ್ದಾರೆ.

ನಿಮ್ಮ ಮೇಲ್‌ಗೆ ಉತ್ತರ ಬಂದಿಲ್ಲ ಎಂದಿರಿ. ಎಲ್ಲಿಗೆ ಹಾಕಿದಿರಿ ಎಂದು ನೋಡಿ. ಮಾರಾಟದ ವಿಚಾರಣೆಗೆ ಇರುವ ವಿಳಾಸಕ್ಕೆ ಹಾಕಿದ್ದರೆ ಅದನ್ನು ಯಾರೂ ತೆರೆದೇ ಇರಲಿಕ್ಕಿಲ್ಲ. ವೆಬ್‌ಸೈಟ್‌ನ ತಳದಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸ ಹುಡುಕಿ, 'ಚಂದಾ ಬಲೆ' ಎಂಬ ಮಾತನ್ನೇ ಬಳಸಿ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅವರು ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಇದಕ್ಕೆ ಖರ್ಚಿಲ್ಲ. ಸಣ್ಣ ಮೊತ್ತಗಳಿಗೆ ಇದು ಒಳ್ಳೆಯ ಮೆಟ್ಟಿಲು ಅನ್ನುವುದು ನನ್ನ ಅನುಭವ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಫೋನಿನ ಆಪ್ ಅಂಗಡಿಯ ಮೂಲಕ ಚಂದಾ ಕಟ್ಟಿದ್ದಾದರೆ ಆ ಅಂಗಡಿಯ ಖಾತೆಯೊಳಗೂ ಚಂದಾಗಳ ಪಟ್ಟಿ ಇರುತ್ತದೆ. ಅಲ್ಲಿ ರದ್ದು ಮಾಡಿ, ಮರುಪಾವತಿಯನ್ನೂ ಅಲ್ಲೇ ಕೇಳಬೇಕು.

ಒಂದು ಎಚ್ಚರಿಕೆ. ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕಂಪನಿಯ ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಿ ಫೋನ್ ಮಾಡಬೇಡಿ. ಅಲ್ಲಿ ಸಿಗುವ ಎಷ್ಟೋ ನಂಬರ್ ಕಳ್ಳರದು. 499 ರೂಪಾಯಿ ವಾಪಸ್ ತರಲು ಹೋಗಿ ಖಾತೆಯನ್ನೇ ಖಾಲಿ ಮಾಡಿಕೊಂಡು ಬಂದವರ ಮುಖ ನನಗೆ ಇನ್ನೂ ನೆನಪಿದೆ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಓಟಿಪಿ ಯಾರಿಗೂ ಹೇಳಬೇಕಿಲ್ಲ. ಸ್ಕ್ರೀನ್ ತೋರಿಸುವ ಆಪ್ ಹಾಕಿಸಿಕೊಳ್ಳಿ ಎಂದವರು ಯಾರೇ ಆಗಲಿ, ಫೋನ್ ಇಟ್ಟುಬಿಡಿ. ಮ್ಯಾಂಡೇಟ್ ರದ್ದು ಮಾಡುವಾಗ ನಿಮ್ಮದೇ ಯುಪಿಐ ಆಪ್ ಪಿನ್ ಕೇಳಬಹುದು, ಅದು ಸರಿ. ಬೇರೆಯವರು ಫೋನಿನಲ್ಲಿ ಹೇಳಿಕೊಡುತ್ತಿರುವಾಗ ಮಾತ್ರ ಒತ್ತಬೇಡಿ. ಅಮ್ಮನ ಹತ್ತಿರ ಕೂತು ಇದನ್ನು ಹೇಳಿ, ಯಾಕೆಂದರೆ ದೂರು ಕೊಟ್ಟ ಮೇಲೆ ಬರುವ ಕರೆಗಳನ್ನು ಎತ್ತುವವರು ಅವರೇ. ಚಂದಾ ಅಲ್ಲ, ಬೇರೆ ಗೊತ್ತಿಲ್ಲದ ಕಡಿತಗಳೂ ಕಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಪಾಸ್‌ಬುಕ್ ಹೇಗೂ ಕೈಯಲ್ಲಿದೆ, ಅದರಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಹೋಗಿರುವುದು ಕಂಡರೆ ಗಾಬರಿಯಾಗಬೇಡಿ. ಅದು ಸಾಮಾನ್ಯವಾಗಿ ಸರ್ಕಾರದ ಸುರಕ್ಷಾ ಬಿಮಾ ಯೋಜನೆಯ ಕಂತು. ಅದಕ್ಕೂ ಖಾತೆದಾರರ ಒಪ್ಪಿಗೆ ಬೇಕು, ಬೇಡವೆಂದರೆ ನಿಲ್ಲಿಸಬಹುದು. ನಿಲ್ಲಿಸುವ ಮೊದಲು ಮಾತ್ರ ಯೋಚಿಸಿ, ಆ ವಿಮೆ ಮನೆಗೆ ಬೇಕಾಗಬಹುದು.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ನಿಮಗೆ ಸರಿ ಕಾಣದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ. ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಅಮ್ಮ ಬರೆದುಕೊಟ್ಟರೆ ಅವರ ಪರವಾಗಿ ನೀವೇ ಹಾಕಬಹುದು. ಆದರೆ ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಟ್ಟ ದಾಖಲೆ ಇಲ್ಲದೆ ಅಲ್ಲಿ ದೂರು ನಿಲ್ಲುವುದಿಲ್ಲ. ನೀವು ಇಲ್ಲಿಯವರೆಗೆ ಶಾಖೆಯಲ್ಲಿ ಮಾತಾಡಿ ಬಂದಿದ್ದೀರಿ ಅಷ್ಟೇ. ಹಾಗಾಗಿ ನಿಮ್ಮ 30 ದಿನ ಇನ್ನೂ ಶುರುವೇ ಆಗಿಲ್ಲ. ಆ ಸೀಲು ಬಿದ್ದ ಪತ್ರದಿಂದ ಶುರುವಾಗುತ್ತದೆ.

ಇನ್ನು ಖಾತೆ ಮುಚ್ಚುವ ವಿಚಾರ. ಪಿಂಚಣಿ ಖಾತೆ ಬದಲಿಸುವುದೆಂದರೆ ಕಾಗದ ಪತ್ರದ ಓಡಾಟ, ನಡುವೆ ಒಂದೆರಡು ತಿಂಗಳ ಪಿಂಚಣಿ ತಡವಾಗಬಹುದು. 2,495 ರೂಪಾಯಿಗೆ ಅಷ್ಟು ತೊಂದರೆ ಬೇಡ. ಖಾತೆಯಲ್ಲಿ ದುಡ್ಡೇ ಇಡದೆ ಕಡಿತ ತಪ್ಪಿಸುತ್ತೇವೆ ಅನ್ನುವವರೂ ಇದ್ದಾರೆ. ನ್ಯಾಚ್ ಮ್ಯಾಂಡೇಟ್ ಹಣವಿಲ್ಲದೆ ವಾಪಸಾದರೆ ಬ್ಯಾಂಕ್ ದಂಡ ಹಾಕುತ್ತದೆ. ಅದು ಸಾಲದ ಕಂತಾಗಿದ್ದರೆ ಚೆಕ್ ಬೌನ್ಸ್ ಆದ ಹಾಗೆ ಕೇಸೂ ಆಗಬಹುದು. ಅದರ ಬದಲು ಪಿಂಚಣಿ ಖಾತೆಯನ್ನು ಯುಪಿಐಯಿಂದ ಬಿಡಿಸಿ. ದಿನದ ಖರ್ಚಿಗೆ ಅಮ್ಮನ ಹೆಸರಲ್ಲೇ ಇನ್ನೊಂದು ಸಣ್ಣ ಖಾತೆ ತೆರೆದು, ಅದರಲ್ಲಿ ಎರಡು ಮೂರು ಸಾವಿರ ಮಾತ್ರ ಇಟ್ಟು, ಫೋನಿಗೆ ಅದನ್ನೇ ಜೋಡಿಸಿ. ಹಳೇ ಖಾತೆಯನ್ನು ಬಿಡಿಸುವ ಮೊದಲು ಅದರಲ್ಲಿರುವ ಆಟೋಪೇ ಮ್ಯಾಂಡೇಟ್‌ಗಳನ್ನೆಲ್ಲ ಒಂದೊಂದಾಗಿ ರದ್ದು ಮಾಡಿ, ಪ್ರತಿಯೊಂದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮುಂದಿನ ತಿಂಗಳು ಅದೇ ತಾರೀಖಿನ ಸುಮಾರಿಗೆ ಖಾತೆ ನೋಡಿ. ರದ್ದು ಮಾಡಿದ ಮೇಲೂ 499 ರೂಪಾಯಿ ಹೋಗಿದ್ದರೆ ಅದೇ ದಿನ ಹಳೇ ದೂರಿನ ಸಂಖ್ಯೆ ಬರೆದು, ರದ್ದಾದ ಸ್ಕ್ರೀನ್‌ಶಾಟ್ ಲಗತ್ತಿಸಿ ಬ್ಯಾಂಕಿಗೆ ಮೇಲ್ ಹಾಕಿ. ಆ 499ಕ್ಕೆ "ನೀವೇ ಒಪ್ಪಿದ್ದೀರಿ" ಎನ್ನಲು ಅವರಿಗೆ ಜಾಗವೇ ಇರುವುದಿಲ್ಲ.